ಬಣ್ಣದ ಕೆಳಗಿನ ತಗಡು

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ತಾವೇ ದುರಸ್ತಿ ಮಾಡಿ ಓಡಿಸುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಲವರಿಗುಂಟು. ಇದು ಸಿರಿವಂತರ ಹುಚ್ಚೆಂದು ಮಿತ್ರರು ನಗಬಹುದು. ನನಗಾದರೋ ಇದೊಂದು ವಿದ್ಯೆಯೆಂದೇ ತೋರುತ್ತದೆ.

ಮೊದಲ ಸಲ ಕೈಹಾಕುವವರು ಅಪರೂಪದ ಕಾರನ್ನು ಬಯಸಬಾರದು. ಅಬಿಂಗ್ಡನ್ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ.ಯಂಥದೇ ಸಾಕು. ಐದು ಲಕ್ಷಕ್ಕೂ ಮಿಕ್ಕಿ ತಯಾರಾದುದರಿಂದ ಅದರ ಬಿಡಿಭಾಗಗಳು ಇಂದಿಗೂ ಸಿಗುತ್ತವೆ; 1798 ಸಿ.ಸಿ.ಯ ಎಂಜಿನ್ನೂ ಸರಳವಾದುದು. ಆದರೆ ಅದಕ್ಕೆ ಬೇರೆ ಚೌಕಟ್ಟಿಲ್ಲ, ಒಡಲೇ ಚೌಕಟ್ಟು. ಬಾಗಿಲ ಕೆಳಗಿನ ತಗಡಿನ ಪಟ್ಟಿ ತುಕ್ಕು ಹಿಡಿದರೆ ಬೆನ್ನೆಲುಬೇ ಸವೆದಂತೆ. ಆಧಾರ ಕೊಡದೆ ಅದನ್ನು ಕತ್ತರಿಸಿದರೆ ಒಡಲು ಬಾಗಿ, ಬಾಗಿಲು ಸರಿಯಾಗಿ ಕೂಡದೆ ಹೋದೀತು.

ಆದುದರಿಂದ ಹೊಳೆಯುವ ಕಾರಿಗಿಂತ, ನೋಟಕ್ಕೆ ಕುರೂಪವಾದರೂ ತಗಡು ಗಟ್ಟಿಯಿರುವುದೇ ಮೇಲು. ವೆಲ್ಡಿಂಗ್ ಕೆಲಸದ ನನ್ನ ತಂದೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಟ್ರ್ಯಾಕ್ಟರಿನ ಟ್ರೈಲರ್ ದುರಸ್ತಿಗೆ ಬಂದಾಗ ಅವರು ಹೇಳುವುದೂ ಇದನ್ನೇ: “ಬಣ್ಣ ನೋಡಬೇಡ, ತಟ್ಟಿ ನೋಡು.”

ಕೈಕೆಲಸವನ್ನು ಓದಿದವರು ಕೀಳೆಂದು ಕಾಣುವುದುಂಟು. ನಾನೂ ಹಾಗೆಯೇ ಕಂಡಿದ್ದೆ. ಪದವಿಯ ಬಣ್ಣ ನನಗೆ ಈ ವರ್ಷ ಬಂದೀತು; ಒಳಗಿನ ತಗಡು ಗಟ್ಟಿಯಾಗಲೆಂದು ಈಗ ರಜಾದಿನಗಳಲ್ಲಿ ತಂದೆಯ ಬಳಿ ಬೆಸುಗೆ ಕಲಿಯುತ್ತಿದ್ದೇನೆ.