ಅಟ್ಟದ ಮೇಲಿನ ತಾಮ್ರದ ದೇಗ್ಚಿ

ಅಟ್ಟ ಗುಡಿಸುವಾಗ ಮೂಲೆಯಲ್ಲಿ ದೊಡ್ಡದೊಂದು ತಾಮ್ರದ ದೇಗ್ಚಿ ಸಿಕ್ಕಿತು. ಹೊರಗೆಲ್ಲ ಮಸಿ, ಒಳಗೆ ಅಲ್ಲಲ್ಲಿ ಹಸಿರು ಕಿಲುಬು. ಗುಜರಿಯವನನ್ನು ಕರೆದೆ. ಆತ ತೂಗಿ ಹಣ ಎಣಿಸುತ್ತಿರುವಾಗ ಅತ್ತೆ ಬಾಗಿಲಿಗೆ ಬಂದು ನಿಂತರು. "ನನ್ನ ಮದುವೆಗೆ ಅಮ್ಮನ ಮನೆಯಿಂದ ಕೊಟ್ಟದ್ದು ಮಗಳೇ. ನಿನ್ನ ಗಂಡನ ಅಕೀಕಾದ ಅಡುಗೆ ಇದರಲ್ಲೇ ಆದದ್ದು" ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಹಣ ಹಿಂದಿರುಗಿಸಿದೆ.

ಹಾಗೆಂದು ಉಜ್ಜಿ ತೊಳೆದು ನೇರವಾಗಿ ಒಲೆಗೇರಿಸುವಂತಿಲ್ಲ. ಹುಣಿಸೆ, ಟೊಮೆಟೊ, ಮೊಸರಿನ ಹುಳಿಗೆ ತಾಮ್ರ ಕರಗಿ ಆಹಾರ ಸೇರುತ್ತದೆ. ವಾಂತಿ, ಹೊಟ್ಟೆನೋವು ಬರಬಹುದು. ಅದಕ್ಕಾಗಿಯೇ ಹಿಂದಿನವರು ಒಳಭಾಗಕ್ಕೆ ತವರದ ಲೇಪ, ಅಂದರೆ ಕಲಾಯಿ ಹಾಕಿಸುತ್ತಿದ್ದರು.

ಹಿಂದೆ ಕಲಾಯಿಯವರು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದರು. ಈಗ ನಾವೇ ಹುಡುಕಿ ಹೋಗಬೇಕು. ಹಳೆಯ ಪಾತ್ರೆ ಅಂಗಡಿಯೊಂದರಲ್ಲಿ ವಿಚಾರಿಸಿ, ವಯಸ್ಸಾದ ಒಬ್ಬರನ್ನು ಕಂಡುಹಿಡಿದೆ. ಅವರು ಪಾತ್ರೆಯನ್ನು ಚೆನ್ನಾಗಿ ಉಜ್ಜಿ, ಇದ್ದಿಲ ಕೆಂಡದ ಮೇಲೆ ಕಾಯಿಸಿದರು. ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಎದ್ದಿತು. ತಾಮ್ರದ ಮೇಲಿನ ಕೊಳೆ ಬಿಡಿಸಿ, ತವರ ಹಿಡಿಯುವಂತೆ ಮಾಡುವುದು ಅದರ ಕೆಲಸ. ಬಳಿಕ ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಸರಸರನೆ ಸವರಿದರು. ನೋಡನೋಡುತ್ತಿದ್ದಂತೆ ಒಳಗೆಲ್ಲ ಬೆಳ್ಳಿಯ ಹೊಳಪು!

"ಮಕ್ಕಳಿಗೆ ಕಲಿಸಿದ್ದೀರಾ?" ಎಂದು ಕೇಳಿದೆ. "ಕೆಲಸವೇ ಬರದಿದ್ದರೆ ಕಲಿತು ಏನು ಮಾಡ್ತಾರಮ್ಮಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಲಾಯಿ ಹಾಕಿಸುವಾಗ ಸೀಸ ಬೆರೆಸದ ಶುದ್ಧ ತವರವನ್ನೇ ಕೇಳಿ ಹಾಕಿಸಿ. ಸೀಸ ವಿಷ, ಮಕ್ಕಳಿಗಂತೂ ಹೆಚ್ಚು ಅಪಾಯ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆದ್ದರಿಂದ ಖಾಲಿ ಪಾತ್ರೆಯನ್ನು ಉರಿಯ ಮೇಲಿಡಬೇಡಿ, ಅದರಲ್ಲಿ ಹುರಿಯಬೇಡಿ. ಮರದ ಸೌಟು ಬಳಸಿ. ಸ್ಟೀಲ್ ನಾರಿನ ಬದಲು ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಒಳಗೆ ತಾಮ್ರದ ಕೆಂಪು ಇಣುಕತೊಡಗಿದರೆ ಮತ್ತೆ ಕಲಾಯಿಗೆ ಸಮಯವಾಯಿತೆಂದು ತಿಳಿಯಿರಿ.

ಆ ಸಂಜೆ ಅತ್ತೆ ದೇಗ್ಚಿಯೊಳಗೆ ಕೈಯಾಡಿಸಿ ನೋಡಿದರು. "ಬಿರಿಯಾನಿಗೆ ಎಷ್ಟು ಸೇರು ಅಕ್ಕಿ ಹಿಡಿಯುತ್ತದೆಂದು ನಿನಗೆ ಗೊತ್ತೇ?" ಎಂದು ನಕ್ಕರು. ನನಗೆ ಗೊತ್ತಿರಲಿಲ್ಲ. ಈ ಸಲದ ಈದ್‌ಗೆ ಅವರೇ ಅಳೆದು ಹಾಕಿದರು, ನಾನು ಪಕ್ಕದಲ್ಲಿ ನಿಂತು ಕಲಿತೆ.

ಸಹೋದರಿಯರೇ, ಗುಜರಿಯವನನ್ನು ಕರೆಯುವ ಮೊದಲು ಮನೆಯ ಹಿರಿಯರನ್ನೊಮ್ಮೆ ಕೇಳಿ.