ಪಾಸ್ ಕೊಟ್ಟರೆ ಪಗಾರ ಕೊಟ್ಟ ಹಾಗೆಯೇ?

ಕನ್ನಡದ ತರುಣರೇ,

ನಿಮ್ಮಲ್ಲಿ ಹೆಚ್ಚಿನವರು ಒಂದಲ್ಲ ಒಂದು ಮನರಂಜನಾ ಪಾರ್ಕಿಗೆ ಹೋಗಿ ಬಂದವರೇ. ಬೆಂಗಳೂರಿನವರು 2005ರಲ್ಲಿ ಶುರುವಾದ ಬಿಡದಿಯ ವಂಡರ್‌ಲಾಕ್ಕೆ, ಮೈಸೂರಿನವರು ಜಿಆರ್‌ಎಸ್‌ಗೆ, ನಮ್ಮ ಕರಾವಳಿಯ ಮಕ್ಕಳು ಪಿಲಿಕುಳದ ಮಾನಸಕ್ಕೆ. ಆಕಾಶಕ್ಕೆ ಎತ್ತಿ ಕೆಳಗೆ ಬಿಡುವ ಆಟದಲ್ಲಿ ಕೂತು ಕಿರುಚಿದ್ದೀರಿ, ನೀರಿಗೆ ಜಾರಿ ನಕ್ಕಿದ್ದೀರಿ, ಫೋಟೋ ತೆಗೆಸಿಕೊಂಡಿದ್ದೀರಿ. ಒಳ್ಳೆಯದು. ಒಂದೇ ಒಂದು ಪ್ರಶ್ನೆ: ನಿಮ್ಮ ಸೊಂಟಕ್ಕೆ ಬೆಲ್ಟ್ ಬಿಗಿದು, ಎರಡು ಸಲ ಎಳೆದು ನೋಡಿ, ಹೆಬ್ಬೆರಳು ಎತ್ತಿ ತೋರಿಸಿದ ಆ ಹುಡುಗನ ಮುಖ ನೆನಪಿದೆಯೇ?

ಇಲ್ಲ. ನನಗೂ ಇರಲಿಲ್ಲ. ನಿಮ್ಮ ಜೀವ ಅವನ ಕೈಯಲ್ಲಿತ್ತು. ಆದರೂ ನೆನಪಿಲ್ಲ.

ಆ ಹುಡುಗನ ಬಗ್ಗೆ ನನ್ನ ಪ್ರೆಸ್ಸಿನಲ್ಲಿ ಕೂತು ಒಬ್ಬರು ಹೇಳಿದ ಮಾತು ಇದು: "ಅವನಿಗೆ ಎಂತ ಕಡಿಮೆ ಮಾರಾಯ್ರೆ? ಪಾರ್ಕು ಫ್ರೀ, ಬಸ್ಸು ಫ್ರೀ, ಊಟ ಫ್ರೀ. ಮನೆಯವರಿಗೆ ಪಾಸು ಬೇರೆ. ಇನ್ನೆಷ್ಟು ಕೊಡ್ಬೇಕು?" ಈ ಮಾತಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಇವತ್ತು ಕೊಡುತ್ತಿದ್ದೇನೆ.

ಆರು ಪಾಯಿಂಟಿನ ಔದಾರ್ಯ

ನಾನು ಸಂತೆಕಟ್ಟೆಯಲ್ಲಿ ಪ್ರೆಸ್ ಇಟ್ಟುಕೊಂಡವನು. ಪಿಯುಸಿ ಮುಗಿಸಿ ಶಾಯಿಗೆ ಕೈ ಹಾಕಿದವನು ಇನ್ನೂ ತೊಳೆದುಕೊಂಡಿಲ್ಲ. ಮದುವೆ ಕಾಗದ, ಬಿಲ್ ಬುಕ್ಕು, ಯಕ್ಷಗಾನದ ಹ್ಯಾಂಡ್‌ಬಿಲ್, ನೇಮ-ಕೋಲದ ಆಮಂತ್ರಣ, ಏನು ಬಂದರೂ ಅಚ್ಚು ಹಾಕುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಪಾರ್ಕಿನವರು ಬಂದರು. ಹೆಸರು ಬೇಡ. ನೌಕರರಿಗೆ ಹಂಚುವ 'ಫ್ಯಾಮಿಲಿ ಪಾಸ್' ಅಚ್ಚಾಗಬೇಕಿತ್ತು. ದಪ್ಪ ಆರ್ಟ್ ಕಾರ್ಡು, ನಾಲ್ಕು ಬಣ್ಣ. ಮುಂದಿನ ಬದಿಯಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು ನೀರಿನಲ್ಲಿ ನಗುತ್ತಿರುವ ಚಿತ್ರ. ಮೇಲೆ ದೊಡ್ಡ ಅಕ್ಷರದಲ್ಲಿ, ನೀವೂ ನಮ್ಮ ಕುಟುಂಬ ಎಂಬ ಅರ್ಥದ ಇಂಗ್ಲಿಷ್ ಸಾಲು.

ಹಿಂದಿನ ಬದಿಯಲ್ಲಿ ಷರತ್ತು. ಆರು ಪಾಯಿಂಟಿನಲ್ಲಿ. ಪ್ರೂಫ್ ನೋಡಲು ನಾನೇ ಭೂತಕನ್ನಡಿ ಹಿಡಿಯಬೇಕಾಯಿತು. ಭಾನುವಾರ ನಡೆಯುವುದಿಲ್ಲ. ಸರ್ಕಾರಿ ರಜೆಯಂದು ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಡೆಯುವುದಿಲ್ಲ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ತನಕ ನಡೆಯುವುದಿಲ್ಲ. ನೌಕರ ಖುದ್ದು ಜೊತೆಗಿರಬೇಕು, ಅದೂ ಅವನ ರಜೆಯ ದಿನ. ಬೇರೆಯವರಿಗೆ ಕೊಡುವಂತಿಲ್ಲ. ಊಟ ಸೇರಿಲ್ಲ. ಆರು ತಿಂಗಳು ಕಳೆದರೆ ರದ್ದು.

ಮಕ್ಕಳಿಗೆ ರಜೆ ಇರುವ ದಿನ ಪಾಸು ಇಲ್ಲ. ಪಾಸು ಇರುವ ದಿನ ಮಕ್ಕಳಿಗೆ ರಜೆ ಇಲ್ಲ! ಇದಕ್ಕೆ ಔದಾರ್ಯ ಎಂದು ಹೆಸರು.

"ಈ ಷರತ್ತುಗಳನ್ನಾದರೂ ಕನ್ನಡದಲ್ಲಿ ಹಾಕುವಾ" ಎಂದೆ. ಬಂದ ಅಧಿಕಾರಿ ನಕ್ಕ. "ಬೇಕಾದವರು ಓದಿಸಿಕೊಳ್ತಾರೆ ಬಿಡಿ" ಎಂದ. ನಾನೂ ಬಿಟ್ಟೆ. ಅಚ್ಚು ಹಾಕಿದೆ, ಕತ್ತರಿಸಿದೆ, ನಂಬರ್ ಹೊಡೆದೆ, ಬಿಲ್ ತೆಗೆದುಕೊಂಡೆ.

ಸುಮಾರು ಏಳು ತಿಂಗಳಾದ ಮೇಲೆ ನಮ್ಮ ಬೀದಿಯ ಒಬ್ಬ ಹೆಂಗಸು ಅದೇ ಪಾಸು ಹಿಡಿದುಕೊಂಡು ಬಂದರು. ಬೀಡಿ ಕಟ್ಟುವವರು. ಮಗನಿಗೆ ಆ ಪಾರ್ಕಿನಲ್ಲಿ ಆಟದ ಯಂತ್ರ ನಡೆಸುವ ಕೆಲಸ. "ಅಣ್ಣ, ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ. ಗೇಟಿನಲ್ಲಿ ಒಳಗೆ ಬಿಡಲಿಲ್ಲ" ಎಂದರು. ಮಗನಿಗೆ ವಾರದ ರಜೆ ಬುಧವಾರ. ಬುಧವಾರ ಬೀಡಿ ಕಟ್ಟದಿದ್ದರೆ ತಾಯಿಗೆ ಆ ದಿನದ ಮಜೂರಿ ಇಲ್ಲ. ಅದಕ್ಕೇ ಬುಧವಾರ ಬಿಟ್ಟು ಬಿಟ್ಟು, ಕೊನೆಗೆ ಒಂದು ಭಾನುವಾರ ಹೊಸ ಸೀರೆ ಉಟ್ಟುಕೊಂಡು ಹೋಗಿದ್ದರು. ಭಾನುವಾರ ಆಗುವುದಿಲ್ಲ ಎಂದು ಗೇಟಿನವನು ಹೇಳಿದ್ದಾನೆ. ನಾನು ಓದಿ ನೋಡುವಾಗ ಅವಧಿಯೂ ಮುಗಿದಿತ್ತು. ಅವರು ಕೇಳಿದ್ದು ಒಂದೇ: "ಮಗ ತಿರುಗಿಸುವ ಆ ರಾಟೆಯನ್ನು ಒಂದು ಸಲ ನೋಡುವಾ ಅಂತ ಇತ್ತು ಅಷ್ಟೆ."

ಬಂಧುಗಳೇ, ಆ ಪಾಸನ್ನು ಅಚ್ಚು ಹಾಕಿದವನು ನಾನು. ಅವರಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಲೆಕ್ಕ ಹಾಕಿ ನೋಡಿ

ಮಾಲೀಕರು ಏನು ಹೇಳುತ್ತಾರೆ? "ಒಂದು ಟಿಕೆಟಿಗೆ ಇಷ್ಟು ರೂಪಾಯಿ. ನಾಲ್ಕು ಪಾಸು ಕೊಟ್ಟೆವು. ಅಂದರೆ ಇಷ್ಟು ಸಾವಿರ ಕೊಟ್ಟ ಹಾಗಾಯಿತು."

ಸುಳ್ಳು ಲೆಕ್ಕ! ಮಳೆಗಾಲದ ಒಂದು ಮಂಗಳವಾರ ಅರ್ಧ ಖಾಲಿ ಆಟಕ್ಕೆ ನಾಲ್ಕು ಜನ ಹೆಚ್ಚು ಹತ್ತಿದರೆ ಮಾಲೀಕನಿಗೆ ಖರ್ಚು ಏನು? ಯಂತ್ರ ಹೇಗೂ ತಿರುಗುತ್ತದೆ, ಕರೆಂಟ್ ಹೇಗೂ ಸುಡುತ್ತದೆ. ಮೇಲಾಗಿ ಆ ನಾಲ್ಕು ಜನ ಒಳಗೆ ಹೋದ ಮೇಲೆ ಹಸಿವಾಗುತ್ತದೆ. ಹೊರಗಿನ ತಿಂಡಿ ಒಳಗೆ ಬಿಡದಿದ್ದರೆ ಒಳಗಿನ ದರದಲ್ಲೇ ತಿನ್ನಬೇಕು. ಹೀಗೆ ಕೊಟ್ಟ ಕೈಯೇ ತಿರುಗಿ ವಸೂಲಿ ಮಾಡುತ್ತದೆ. ರಿಯಾಯಿತಿಯ ಬೆಲೆಯನ್ನು ಟಿಕೆಟಿನ ಮೇಲೆ ಅಚ್ಚಾದ ದರದಿಂದ ಅಳೆಯಬಾರದು. ಕೊಡುವವನ ಕಿಸೆಯಿಂದ ಎಷ್ಟು ಹೋಯಿತು, ಪಡೆಯುವವನ ಮನೆಗೆ ಎಷ್ಟು ಬಂತು, ಈ ಎರಡರಿಂದ ಅಳೆಯಬೇಕು.

ಇನ್ನು ಉಳಿದ 'ಫ್ರೀ'ಗಳು. ಸಮವಸ್ತ್ರ ಫ್ರೀ ಅಂತೆ! ಪಾರ್ಕಿನ ಹೆಸರು ಬೆನ್ನ ಮೇಲೆ ಅಚ್ಚು ಹಾಕಿದ ಅಂಗಿಯನ್ನು ಹುಡುಗ ಮದುವೆಗೆ ಹಾಕಿಕೊಂಡು ಹೋಗುತ್ತಾನೆಯೇ? ಅದು ಪಾರ್ಕಿನ ಜಾಹೀರಾತು. ಬಸ್ಸು ಫ್ರೀ ಅಂತೆ! ಊರ ಹೊರಗೆ ಪಾರ್ಕು ಕಟ್ಟಿದವರು ಅವರು. ಬೆಳಿಗ್ಗೆ ಗೇಟು ತೆರೆಯುವ ಮೊದಲು ಹುಡುಗರನ್ನು ಅಲ್ಲಿಗೆ ತಲುಪಿಸುವ ಗರಜು ಅವರದ್ದು. ಪಿಎಫ್, ಇಎಸ್‌ಐ ಇದೆ ಅಂತೆ! ತಿಂಗಳಿಗೆ 21,000 ರೂಪಾಯಿಯ ಒಳಗೆ ದುಡಿಯುವವನಿಗೆ ಇಎಸ್‌ಐ ಕಾನೂನು ಕೊಟ್ಟ ಹಕ್ಕು. ಅವನ ಸಂಬಳದಿಂದಲೂ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿಯುತ್ತಾರೆ. ಕಾನೂನಿನ ಪಾಲನ್ನು ಧಣಿಯ ದಾನ ಎಂದು ಪಟ್ಟಿಯಲ್ಲಿ ಬರೆಯುವುದಕ್ಕೆ ನಾಚಿಕೆಯಾಗಬೇಕು.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಾಣ್ಯ, ನೋಟು, ಚೆಕ್ಕು ಇಲ್ಲವೇ ಬ್ಯಾಂಕ್ ಮೂಲಕ ಸಂಬಳ ಕೊಡಬೇಕೆಂದು ಅದು ಹೇಳುತ್ತದೆ. ಪಾಸಿನ ಹೆಸರು ಅಲ್ಲಿಲ್ಲ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರ ಕೊಡಬೇಕು, ಸಂಬಳದ ಚೀಟಿ ಕೊಡಬೇಕು ಎಂದೂ ಇದೆ. ಆದರೆ ಅದೇ ಸಂಹಿತೆಯಲ್ಲಿ ಒಂದು ಕಿಂಡಿಯೂ ಇದೆ: ಸಂಬಳದ ಬದಲಿಗೆ ವಸ್ತುರೂಪದಲ್ಲಿ ಏನಾದರೂ ಕೊಟ್ಟರೆ, ಒಟ್ಟು ಸಂಬಳದ ನೂರಕ್ಕೆ 15ರ ತನಕ ಅದನ್ನು ಸಂಬಳವೆಂದೇ ಲೆಕ್ಕ ಹಿಡಿಯಬಹುದು. ಅದಕ್ಕೇ ಹೇಳುತ್ತೇನೆ, ಕೆಲಸಕ್ಕೆ ಸೇರುವ ದಿನವೇ ಕೇಳಿ: ಸ್ವಾಮಿ, ಈ ಊಟ, ಈ ಪಾಸು ಸಂಬಳದ ಮೇಲೆಯೋ, ಸಂಬಳದ ಒಳಗೋ?

ನವೆಂಬರ್ ಒಂದರಂದು ಅವನು ಎಲ್ಲಿರುತ್ತಾನೆ?

ನಾವು ರಾಜ್ಯೋತ್ಸವ ಮಾಡುತ್ತೇವೆ. ಬಾವುಟ ಕಟ್ಟುತ್ತೇವೆ, ಭಾಷಣ ಬಿಗಿಯುತ್ತೇವೆ. ಅಂದು ಪಾರ್ಕಿನ ಮುಂದೆ ಸಾಲು ಉದ್ದ, ಏಕೆಂದರೆ ಊರಿಗೆಲ್ಲ ರಜೆ. ಬೆಲ್ಟ್ ಬಿಗಿಯುವ ಕನ್ನಡದ ಹುಡುಗನಿಗೆ ಮಾತ್ರ ರಜೆ ಇಲ್ಲ.

ನಮ್ಮ ರಾಜ್ಯದಲ್ಲಿ 1963ರಿಂದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾನೂನು ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದೂ ಸಂಬಳಸಹಿತ ರಜೆ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬೇರೊಂದು ದಿನ ಸಂಬಳಸಹಿತ ರಜೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ಆರು ಪಾಯಿಂಟಿನ ಇಂಗ್ಲಿಷಿನಲ್ಲಿ ನೇಮಕಾತಿ ಪತ್ರ ಕೊಟ್ಟರೆ ಹೇಗೆ ಗೊತ್ತಾಗಬೇಕು?

2024ರಲ್ಲಿ ಅಂಗಡಿಯ ಬೋರ್ಡಿನಲ್ಲಿ ನೂರಕ್ಕೆ 60 ಕನ್ನಡ ಇರಬೇಕು ಎಂಬ ಕಾನೂನು ಬಂತು. ಸಂತೋಷ, ಅದಕ್ಕೆ ಬಡಿದಾಡಿದವರಿಗೆ ನಮಸ್ಕಾರ. ಆದರೆ ಹೊರಗಿನ ಬೋರ್ಡು ಕನ್ನಡವಾಗಿ, ಒಳಗಿನ ನೇಮಕಾತಿ ಪತ್ರ ಇಂಗ್ಲಿಷಾಗಿಯೇ ಉಳಿದರೆ ಗೆದ್ದದ್ದು ಬಣ್ಣ ಬಳಿಯುವವನು ಮಾತ್ರ. ಬೋರ್ಡು ಓದುವವನು ಗಿರಾಕಿ. ಪತ್ರ ಓದಬೇಕಾದವನು ನಮ್ಮ ಹುಡುಗ.

ಡಿಸ್ನಿಯ ದೊಡ್ಡ ಮನೆಯಲ್ಲೂ

ನಮ್ಮ ಸರ್ಕಾರಗಳಿಗೆ ಡಿಸ್ನಿಲ್ಯಾಂಡ್ ಎಂದರೆ ಸ್ವರ್ಗ. 2018ರಲ್ಲಿ ಕೆ.ಆರ್.ಎಸ್.ನಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಎಂದು ಘೋಷಣೆಯಾಯಿತು. ಇಂಥ ಘೋಷಣೆ ಬಂದಾಗಲೆಲ್ಲ ಸ್ಥಳೀಯರಿಗೆ ಉದ್ಯೋಗ ಎಂಬ ಮಾತೂ ಬರುತ್ತದೆ. ಎಂಥ ಉದ್ಯೋಗ ಎಂದು ಯಾರೂ ಕೇಳುವುದಿಲ್ಲ. ಹಾಗಾದರೆ ಅಸಲಿ ಡಿಸ್ನಿಲ್ಯಾಂಡಿನ ಕಥೆಯನ್ನೇ ಕೇಳಿ.

ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1955ರಲ್ಲಿ ಶುರುವಾದ ಪಾರ್ಕು ಅದು. ಅಲ್ಲಿ ನೌಕರರಿಗೆ ಉಚಿತ ಪ್ರವೇಶ ಉಂಟು, ಅಂಗಡಿಯಲ್ಲಿ ರಿಯಾಯಿತಿ ಉಂಟು. 2018ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಸಮೀಕ್ಷೆ ಮಾಡಿಸಿತು. ಉತ್ತರಿಸಿದವರಲ್ಲಿ ನೂರಕ್ಕೆ 73 ಜನ, ತಿಂಗಳ ಅಗತ್ಯದ ಖರ್ಚಿಗೆ ಸಂಬಳ ಸಾಲುವುದಿಲ್ಲ ಎಂದರು. ನೂರಕ್ಕೆ 11 ಜನ, ಹಿಂದಿನ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ಮನೆಯಿಲ್ಲದೆ ಇದ್ದೆವು ಎಂದರು. ರಾಜಕುಮಾರಿಯ ಅರಮನೆಗೆ ಉಚಿತ ಪ್ರವೇಶ, ರಾತ್ರಿ ಮಲಗಲು ಸೂರಿಲ್ಲ!

ಅವರು ಏನು ಮಾಡಿದರು? ಇನ್ನೆರಡು ಪಾಸು ಕೊಡಿ ಎಂದು ಅಂಗಲಾಚಲಿಲ್ಲ. ಅದೇ 2018ರಲ್ಲಿ, ನಗರದಿಂದ ನೆರವು ಪಡೆದ ದೊಡ್ಡ ಪ್ರವಾಸೋದ್ಯಮ ಸಂಸ್ಥೆಗಳು ಬದುಕಲು ಸಾಲುವ ಸಂಬಳ ಕೊಡಬೇಕು ಎಂಬ ಕಾನೂನನ್ನು ಮತದಾರರಿಂದಲೇ ಗೆಲ್ಲಿಸಿಕೊಂಡರು. ಅದು ತನಗೆ ಅನ್ವಯಿಸುವುದಿಲ್ಲ ಎಂದು ಕಂಪನಿ ವಾದಿಸಿತು. ಮೊಕದ್ದಮೆ ವರ್ಷಗಟ್ಟಲೆ ನಡೆದು, 2024ರ ಕೊನೆಗೆ 23.3 ಕೋಟಿ ಡಾಲರ್ ಕೊಡುವ ರಾಜಿಯಾಯಿತು. ಪಾಸಿನಿಂದ ಬಾರದ ದುಡ್ಡು ಒಗ್ಗಟ್ಟಿನಿಂದ ಬಂತು.

"ಮಾಲೀಕನ ಕಷ್ಟವನ್ನೂ ನೋಡಿ"

ನೋಡೋಣ. ನಾನೂ ಮಾಲೀಕನೇ, ಚಿಕ್ಕವನು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ನೀರಿನ ಆಟಕ್ಕೆ ಯಾರು ಬರುತ್ತಾರೆ, ಆಕಾಶದಿಂದಲೇ ಫ್ರೀ ಬೀಳುವಾಗ? ಯಂತ್ರದ ಖರ್ಚು, ರಿಪೇರಿ, ಸಾಲದ ಬಡ್ಡಿ ಎಲ್ಲ ಇದೆ. ಒಪ್ಪುತ್ತೇನೆ. ಆದರೆ 2018ರ ಜನವರಿಯಲ್ಲಿ ಈ ಪಾರ್ಕುಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತಲ್ಲ, ಮಾಲೀಕರ ಅಳಲು ಸರ್ಕಾರಕ್ಕೆ ಕೇಳಿತಲ್ಲ, ಬೆಲ್ಟ್ ಬಿಗಿಯುವವನ ಅಳಲು ಯಾರಿಗೆ ಕೇಳಬೇಕು?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಪ್ರೆಸ್ಸಿನಲ್ಲಿ ಮೂವರು ದುಡಿಯುತ್ತಾರೆ. ಅವರ ಮನೆಯ ಮದುವೆ ಕಾಗದ ಫ್ರೀ, ಮಕ್ಕಳಿಗೆ ನೋಟ್ ಬುಕ್ಕು ಫ್ರೀ. ಅದನ್ನೇ ಎದೆಯುಬ್ಬಿಸಿ ಹೇಳಿಕೊಂಡು ಎರಡು ವರ್ಷ ಸಂಬಳ ಏರಿಸಿರಲಿಲ್ಲ. ಒಂದು ದಿನ ಮೆಷಿನ್ ಒರೆಸುತ್ತಿದ್ದ ಹುಡುಗ ತಲೆ ಎತ್ತದೆ ಹೇಳಿದ: "ಅಣ್ಣ, ಮದುವೆ ಒಂದೇ ಸಲ. ಅಕ್ಕಿ ತಿಂಗಳು ತಿಂಗಳು ಬೇಕು."

ಆ ತಿಂಗಳೇ ಏರಿಸಿದೆ. ನನ್ನ ಪ್ರೆಸ್ಸೇನೂ ಮುಳುಗಲಿಲ್ಲ.

ಹಾಗೆಂದು ಸೌಲಭ್ಯವೇ ಬೇಡ ಎಂದಲ್ಲ. ಮನಸ್ಸಿಟ್ಟು ಕೊಡುವ ಮಾಲೀಕರಿದ್ದರೆ ಅವರಿಗೆ ಕೈ ಮುಗಿಯುತ್ತೇನೆ. ದುಡಿಯುವ ಜಾಗವನ್ನು ಹೆತ್ತವರಿಗೆ ತೋರಿಸುವುದು ಸಣ್ಣ ಆಸೆಯಲ್ಲ. ಆದರೆ ಕೊಡುವುದಾದರೆ ಮನುಷ್ಯರಿಗೆ ಕೊಡುವ ಹಾಗೆ ಕೊಡಿ.

ಕೇಳಬೇಕಾದ್ದು ಇಷ್ಟು

ಒಂದು, ಮೊದಲು ಕೈಗೆ ಸಿಗುವ ಸಂಬಳ, ಆಮೇಲೆ ಪಾಸು. ಎರಡರ ಲೆಕ್ಕ ಬೇರೆ ಬೇರೆ.

ಎರಡು, ಪಾಸು ವರ್ಷದಲ್ಲಿ ನಾಲ್ಕು ಭಾನುವಾರವಾದರೂ ನಡೆಯಬೇಕು. ಮಗ ಕೆಲಸದಲ್ಲಿದ್ದರೂ ಅಪ್ಪ ಅಮ್ಮನನ್ನು ಒಳಗೆ ಬಿಡಬೇಕು. ಆ ದಿನ ಅವರಿಗೆ ಕ್ಯಾಂಟೀನಿನ ಊಟವೂ ಇರಬೇಕು.

ಮೂರು, ನೇಮಕಾತಿ ಪತ್ರ, ಸಂಬಳದ ಚೀಟಿ, ಯಂತ್ರದ ಸುರಕ್ಷತಾ ನಿಯಮ, ಪಾಸಿನ ಷರತ್ತು, ಇಷ್ಟೂ ಕನ್ನಡದಲ್ಲಿರಬೇಕು. ಕಣ್ಣಿಗೆ ಕಾಣುವ ಅಕ್ಷರದಲ್ಲಿ.

ನಾಲ್ಕು, ರಾಜ್ಯೋತ್ಸವದಂದು ದುಡಿಸಿದರೆ ಕಾನೂನಿನಂತೆ ಎರಡು ಪಟ್ಟು ಸಂಬಳ ಇಲ್ಲವೇ ಬದಲಿ ರಜೆ.

ತರುಣರೇ, ಇದು ಪಾರ್ಕಿನ ಹುಡುಗನ ಕಥೆ ಮಾತ್ರವಲ್ಲ. ಮಾಲ್, ಹೋಟೆಲು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿ, ನೀವು ಎಲ್ಲೇ ದುಡಿಯಿರಿ, ಕೂಪನ್ನು, ಕಾರ್ಡು, 'ನೀವೂ ನಮ್ಮ ಕುಟುಂಬ' ಎಂಬ ಮಾತು ನಿಮ್ಮ ಮುಂದೆಯೂ ಬರುತ್ತದೆ. ಮುಂದಿನ ಬದಿಯ ಚಿತ್ರ ನೋಡಿ ಮರುಳಾಗಬೇಡಿ. ಕಾರ್ಡು ತಿರುಗಿಸಿ ಹಿಂದಿನ ಬದಿಯನ್ನು ಓದಿ. ಅರ್ಥವಾಗದಿದ್ದರೆ ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೊಡದಿದ್ದರೆ ನಾಲ್ಕು ಜನ ಒಟ್ಟಾಗಿ ಕೇಳಿ.

ಮುಂದಿನ ಸಲ ಪಾರ್ಕಿಗೆ ಹೋದಾಗ ಬೆಲ್ಟ್ ಬಿಗಿಯುವ ಆ ಹುಡುಗನ ಹತ್ತಿರ ಒಂದು ಪ್ರಶ್ನೆ ಹಾಕಿ: "ನಿನ್ನ ಅಮ್ಮ ಈ ಆಟ ನೋಡಿದ್ದಾರೆಯೇ ತಮ್ಮಾ?" ಅವನು ಕೊಡುವ ಉತ್ತರದಲ್ಲಿ ಆ ಪಾರ್ಕಿನ ಔದಾರ್ಯ ಎಷ್ಟೆಂದು ನಿಮಗೆ ತಿಳಿಯುತ್ತದೆ.

ನಾನಂತೂ ನಿಶ್ಚಯ ಮಾಡಿದ್ದೇನೆ. ಇನ್ನು ನನ್ನ ಪ್ರೆಸ್ಸಿನಲ್ಲಿ ದುಡಿಯುವವರ ಹೆಸರಿನ ಯಾವ ಪಾಸೂ ಕನ್ನಡವಿಲ್ಲದೆ ಅಚ್ಚಾಗುವುದಿಲ್ಲ. ಗಿರಾಕಿ ಹೋದರೆ ಹೋಗಲಿ.