ಆಣೆಯಿಲ್ಲದ ಮಾತು

ಮಾತುಮಾತಿಗೂ ದೇವರಾಣೆ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆಣೆಯಿಡಲೇಬಾರದೆಂದು ಪ್ರಭು ಯೇಸು ಪರ್ವತ ಪ್ರಸಂಗದಲ್ಲಿ ಬೋಧಿಸಿದ್ದನ್ನು ಸಂತ ಮತ್ತಾಯರ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಓದುತ್ತೇವೆ. ಬರಿಯ ಮಾತಿಗೆ ಬೆಲೆ ಉಳಿಯದಿದ್ದಾಗಲೇ ಅಲ್ಲವೇ ಅದಕ್ಕೆ ಆಣೆಯ ಆಸರೆ ಬೇಕಾಗುವುದು? ನ್ಯಾಯಾಲಯದಲ್ಲಿ ಸತ್ಯಕ್ಕಾಗಿ ಮಾಡುವ ಪ್ರಮಾಣ ಬೇರೆ. ಅದನ್ನು ಧರ್ಮಸಭೆ ನಿಷೇಧಿಸಿಲ್ಲ. ಆದರೆ ಮನಸ್ಸಾಕ್ಷಿ ಒಪ್ಪದ ಪ್ರಮಾಣವನ್ನು ಬಾಯಿಮಾತಿಗೂ ಉಚ್ಚರಿಸಲೊಲ್ಲದೆ, ಇಂಗ್ಲೆಂಡಿನ ಮಾಜಿ ಚಾನ್ಸೆಲರ್ ಸಂತ ತಾಮಸ್ ಮೋರ್ 1535ರಲ್ಲಿ ಕೊಡಲಿಗೆ ಕೊರಳೊಡ್ಡಿದರು. ಅಕ್ಕರೆಯ ಮಗಳೇ ಬೇಡಿಕೊಂಡರೂ ಮಣಿಯಲಿಲ್ಲ.

ಇಂಥ ದಿನ ತೀರಿಸುವೆವೆಂದು ಮಾತು ಕೊಟ್ಟ ನಾವಾದರೋ, ಅಂದು ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ‘ಅಪ್ಪ ಮನೆಯಲ್ಲಿಲ್ಲ’ ಎಂದು ಮಗುವಿನಿಂದ ಹೇಳಿಸಿ ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತೇವೆ. ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಅದೇ ಮಗು ಎಂಟನೆಯ ಆಜ್ಞೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ.